ಫೋಟೋಗೆ ನಾನೇ ಮೇಕಪ್ ಮಾಡಿಕೊಳ್ಳಬೇಕು, ಫ್ಲ್ಯಾಶ್‌ಗೆ ಮುಖ ಬೆಳ್ಳಗಾಗದ ಹಾಗೆ ಏನು ಮಾಡಲಿ?

ತುಂಗೆದಡ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಕರ್ನಾಟಕ ಸಂಗೀತ ಹಾಡುತ್ತೇನೆ. ರಾಮನವಮಿ ಕಛೇರಿಯ ಆಹ್ವಾನ ಪತ್ರಿಕೆಗೆ ಒಂದು ಒಳ್ಳೆಯ ಫೋಟೋ ಕಳಿಸಿ ಅಂತ ಕೇಳಿದ್ದಾರೆ. ನನ್ನ ಹತ್ತಿರ ಇರುವುದೆಲ್ಲ ಯಾರದೋ ಮದುವೆಯಲ್ಲಿ ತೆಗೆದದ್ದು, ಪಕ್ಕದವರ ಭುಜ ಕತ್ತರಿಸಿ ಕಳಿಸಬೇಕು. ಅದಕ್ಕೆ ಭಾನುವಾರ ಬೆಳಗ್ಗೆ ಸ್ಟುಡಿಯೋ ಬುಕ್ ಮಾಡಿದ್ದೇನೆ. ಎದೆಮಟ್ಟದ ಪೋರ್ಟ್ರೇಟ್, ತಂಬೂರಿ ಹಿಡಿದು ಒಂದೆರಡು.

ಮೇಕಪ್ ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ಕಳೆದ ವರ್ಷ ಅಕ್ಕನ ಮದುವೆಯಲ್ಲಿ ಪಾರ್ಲರಿನವರು ಮಾಡಿದ್ದು ಕನ್ನಡಿಯಲ್ಲಿ ಚೆನ್ನಾಗಿಯೇ ಇತ್ತು, ಆಲ್ಬಂ ಬಂದಾಗ ನೋಡಿದರೆ ಮುಖ ಮಾತ್ರ ಬೂದಿ ಬಳಿದ ಹಾಗೆ, ಕತ್ತು ಕೈ ಎಲ್ಲ ನನ್ನ ಬಣ್ಣ. ನಾನು ಎಣ್ಣೆಗಪ್ಪು, ಚರ್ಮವೂ ಎಣ್ಣೆ ಬಿಡುತ್ತದೆ, ಕಣ್ಣಿನ ಕೆಳಗೆ ಕಪ್ಪು ಇದೆ, ಕನ್ನಡಕವೂ ಇದೆ. ದಿನಾ ಕಾಡಿಗೆ, ಬೊಟ್ಟು ಬಿಟ್ಟರೆ ಬೇರೇನೂ ಹಚ್ಚಿ ಅಭ್ಯಾಸವಿಲ್ಲ. ಎಲ್ಲಿಂದ ಶುರು ಮಾಡಲಿ?

ಕತ್ತಲೆಕೋಣೆ

ಮೇಡಂ, ಹಾಸನದಲ್ಲಿ ನಮ್ಮದು ಸಣ್ಣ ಸ್ಟುಡಿಯೋ, ಅಪ್ಪನ ಕಾಲದಿಂದ ಇದೆ. ನಿಮ್ಮ ಆಲ್ಬಂ ಕಥೆ ವಾರಕ್ಕೊಬ್ಬರಾದರೂ ಹೇಳುತ್ತಾರೆ. ಸನ್‌ಸ್ಕ್ರೀನಿನಲ್ಲಿ, ಎಸ್‌ಪಿಎಫ್ (ಬಿಸಿಲು ತಡೆಯುವ ಗುಣ) ಇರುವ ಎಷ್ಟೋ ಫೌಂಡೇಶನ್‌ಗಳಲ್ಲಿ, ಅಂದರೆ ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಕ್ರೀಮುಗಳಲ್ಲಿ, ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುತ್ತದೆ. ಎರಡೂ ಬಿಳಿ ಪುಡಿ, ಬೆಳಕನ್ನು ವಾಪಸ್ ಎಸೆಯುತ್ತವೆ. ಇನ್ನೊಂದು, ಎಚ್‌ಡಿ ಪೌಡರ್ ಅಂತ ಮಾರುವ ಬಣ್ಣವಿಲ್ಲದ ಸಿಲಿಕಾ ಪುಡಿ. ಕನ್ನಡಿಯಲ್ಲಿ ಅದು ಕಾಣುವುದೇ ಇಲ್ಲ, ಫ್ಲ್ಯಾಶ್ ಹೊಡೆದ ತಕ್ಷಣ ಬೆಳ್ಳಗೆ ಎದ್ದು ಬರುತ್ತದೆ. ಮದುವೆಯಲ್ಲಿ ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರ ಮುಖಕ್ಕೇ ಬೀಳುವುದರಿಂದ ಇದು ಜಾಸ್ತಿ. ಸ್ಟುಡಿಯೋದಲ್ಲಿ ಲೈಟಿಗೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದು ಮಾಡುವ ಬಟ್ಟೆಯ ಪೆಟ್ಟಿಗೆ) ಹಾಕಿ ಪಕ್ಕದಿಂದ ಬೆಳಕು ಕೊಡುತ್ತೇವೆ, ಅಲ್ಲಿ ಕಡಿಮೆ. ಆದರೂ ಅವತ್ತು ಸನ್‌ಸ್ಕ್ರೀನ್ ಬಿಡಿ, ನಾಲ್ಕು ಗೋಡೆಯ ಒಳಗೆ ಯಾವ ಬಿಸಿಲು?

ಮನೆಯಲ್ಲಿ ಒಮ್ಮೆ ಪೂರ್ತಿ ಮೇಕಪ್ ಮಾಡಿಕೊಂಡು, ಕೋಣೆ ಕತ್ತಲು ಮಾಡಿ, ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿ ಯಾರ ಕೈಯಲ್ಲಾದರೂ ಫೋಟೋ ತೆಗೆಸಿ. ಅದರಲ್ಲಿ ಬೆಳ್ಳಗಾಗದಿದ್ದರೆ ನಮ್ಮ ಲೈಟಿನಲ್ಲೂ ಆಗುವುದಿಲ್ಲ.

ಮೇಕಪ್ ಮಾಡುವಾಗ ಕಿಟಕಿಯ ಎದುರು ಕೂತುಕೊಳ್ಳಿ. ಫ್ಲ್ಯಾಶ್‌ನ ಬೆಳಕು ಸುಮಾರು 5500 ಕೆಲ್ವಿನ್, ಅಂದರೆ ಹೆಚ್ಚುಕಡಿಮೆ ಹಗಲಿನ ಬೆಳಕು. ಹಳದಿ ಬಲ್ಬಿನ ಕೆಳಗೆ ಮಾಡಿದರೆ ಕೆನ್ನೆಗೆ ಎಷ್ಟು ಹಚ್ಚಿದರೂ ಸಾಲದು ಅನಿಸುತ್ತದೆ, ಇಲ್ಲಿಗೆ ಬಂದಾಗ ಕೆಂಪು ಕೆಂಪು.

ಮೊಡವೆ ಗುರುತನ್ನು ಪದರದ ಮೇಲೆ ಪದರ ಹಚ್ಚಿ ಮುಚ್ಚಲು ಹೋಗಬೇಡಿ. ಅಪ್ಪ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಲ್ಲಿ ಅಂಥದನ್ನೆಲ್ಲ ತಿದ್ದುತ್ತಿದ್ದರು, ಒಂದು ಮುಖಕ್ಕೆ ಅರ್ಧ ದಿನ ಹೋಗುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಎರಡು ನಿಮಿಷ. ದಪ್ಪ ಕ್ರೀಮು ಬಿರುಕು ಬಿಟ್ಟಿದ್ದನ್ನು ತಿದ್ದುವುದೇ ನಮಗೆ ಕಷ್ಟ.

ಗೆಜ್ಜೆಪೆಟ್ಟಿಗೆ

ಮೈಸೂರಿನಲ್ಲಿ ಭರತನಾಟ್ಯದ ಮಕ್ಕಳಿಗೆ ಮೇಕಪ್ ಮಾಡುತ್ತೇನೆ. ಅಣ್ಣ ಹೇಳಿದ್ದು ಸರಿ, ಆದರೆ ಬೂದಿ ಬಣ್ಣಕ್ಕೆ ಎಲ್ಲ ಸಲ ಪೌಡರೇ ಕಾರಣ ಅಲ್ಲ. ನಮ್ಮ ಬಣ್ಣಕ್ಕಿಂತ ಎರಡು ಮೆಟ್ಟಿಲು ಬಿಳಿಯ, ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿಬಿಡುತ್ತಾರಲ್ಲ, ಅದು ಕಪ್ಪು ಚರ್ಮದ ಮೇಲೆ ಬೂದಿಯಾಗಿಯೇ ಕಾಣುವುದು. ಬೆಳ್ಳಗೆ ಮಾಡಿದರೇ ಮೇಕಪ್ ಅನ್ನುವ ಈ ರೋಗ ಯಾವತ್ತು ಹೋಗುತ್ತದೋ!

ಅಂಗಡಿಗೆ ಹೋದಾಗ ಕೈಮೇಲೆ ಹಚ್ಚಿ ನೋಡಬೇಡಿ ತಂಗಿ. ದವಡೆಯಿಂದ ಕತ್ತಿನ ಕಡೆಗೆ ಮೂರು ಬಣ್ಣದ ಗೆರೆ ಎಳೆದು, ಹೊರಗೆ ಬಂದು, ಹತ್ತು ಹದಿನೈದು ನಿಮಿಷ ಬಿಟ್ಟು ಹಗಲಿನಲ್ಲಿ ನೋಡಿ. ಯಾವ ಗೆರೆ ಮಾಯವಾಗಿದೆಯೋ ಅದೇ ನಿಮ್ಮದು. ಎಣ್ಣೆ ಚರ್ಮದ ಮೇಲೆ ಕೆಲವು ಫೌಂಡೇಶನ್ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತವೆ, ಅದಕ್ಕೇ ಕಾಯಿರಿ ಅಂದಿದ್ದು. ನಮ್ಮ ಕಡೆಯ ಮೈಬಣ್ಣಕ್ಕೆ ಹಳದಿ ಅಥವಾ ಚಿನ್ನದ ಛಾಯೆ ಹೊಂದುವುದು ಜಾಸ್ತಿ. ನಾವು ರಂಗಕ್ಕೆ ಬಳಸುವ ಕ್ರಯೋಲಾನ್ ಕಂಪನಿಯ ದಪ್ಪ ಮೇಕಪ್ ಸ್ಟಿಕ್ ಯಾರಾದರೂ ಕೊಟ್ಟರೂ ಬೇಡ, ಅದು ಹತ್ತನೇ ಸಾಲಿನಲ್ಲಿ ಕೂತವರಿಗೆ ಕಾಣಬೇಕು ಅಂತ ಹಚ್ಚುವುದು, ಹತ್ತಿರದ ಫೋಟೋಗೆ ಭಾರ.

ಕಣ್ಣಿನ ಕೆಳಗೆ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ (ಕಪ್ಪನ್ನು ಅಡಗಿಸುವ ಕ್ರೀಮು) ಒಂದು ಚುಕ್ಕಿ, ಬೆರಳಿನಲ್ಲಿ ತಟ್ಟಿ. ಅದರ ಮೇಲೆ ಕಲೆ ಮುಚ್ಚುವ ನಿಮ್ಮ ಬಣ್ಣದ ಕನ್ಸೀಲರ್ ತೆಳ್ಳಗೆ. ನೇರ ಕನ್ಸೀಲರ್ ಹಚ್ಚಿದರೆ ಅಲ್ಲೂ ಬೂದಿಯೇ. ಪೌಡರ್ ಬೇಕೇ ಬೇಕು, ನಿಮ್ಮದು ಎಣ್ಣೆ ಚರ್ಮ, ಆದರೆ ಬಣ್ಣ ಇರುವ ಕಾಂಪ್ಯಾಕ್ಟ್ (ಡಬ್ಬಿಯಲ್ಲಿ ಒತ್ತಿಟ್ಟ ಪೌಡರ್) ಸಾಕು, ಹಣೆ, ಮೂಗು, ಗಲ್ಲಕ್ಕೆ ಮಾತ್ರ. ಕೆನ್ನೆಗೆ ಹಚ್ಚುವುದನ್ನು ಕನ್ನಡಿಯಲ್ಲಿ ಚೂರು ಜಾಸ್ತಿ ಆಯಿತು ಅನಿಸುವವರೆಗೆ ಹಚ್ಚಿ, ಸ್ಟುಡಿಯೋ ಬೆಳಕು ಅದನ್ನು ನುಂಗುತ್ತದೆ. ಮಿಂಚುವ ಹೈಲೈಟರ್ ಬೇಡವೇ ಬೇಡ, ಫೋಟೋದಲ್ಲಿ ಬೆವರಿದ ಹಾಗೆ ಕಾಣುತ್ತದೆ.

ಕತ್ತು ಮರೆಯಬೇಡಿ. ತುರುಬು ಹಾಕಿದರೆ ಕಿವಿಯೂ ಕಾಣುತ್ತದೆ, ಸ್ಪಂಜಿನಲ್ಲಿ ಉಳಿದದ್ದನ್ನು ಅಲ್ಲಿಗೂ ಒರೆಸಿ.

ಸುಮ್ನಿರಪ್ಪ

ಆಹ್ವಾನ ಪತ್ರಿಕೆಯಲ್ಲಿ ಫೋಟೋ ಹೆಬ್ಬೆರಳಿನಷ್ಟು ಬರುತ್ತದೆ, ಅದಕ್ಕೆ ಇಷ್ಟೊಂದು ತಯಾರಿಯಾ? ಮುಖ ತೊಳೆದುಕೊಂಡು ಹೋಗಿ, ಮಿಕ್ಕಿದ್ದು ಅವರು ಎಡಿಟ್ ಮಾಡುತ್ತಾರೆ.

ಕತ್ತಲೆಕೋಣೆ

ಸ್ವಾಮಿ, ಅದೇ ಫೋಟೋ ಆಮೇಲೆ ಆರಡಿ ಫ್ಲೆಕ್ಸ್‌ಗೂ ಹೋಗುತ್ತದೆ. ಮುಂದಿನ ಐದು ವರ್ಷ ಎಲ್ಲ ಸಭೆಯವರೂ ಅದನ್ನೇ ಹಾಕುತ್ತಾರೆ, ಬೇಕಾದರೆ ನೋಡಿ. ಪೌಡರ್ ವಿಷಯ ಅಕ್ಕ ಹೇಳಿದ್ದು ಒಪ್ಪಿದೆ. ನಾನು ಬೇಡ ಅಂದಿದ್ದು ಬಣ್ಣವಿಲ್ಲದ ಪುಡಿ.

ತುಂಗೆದಡ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿದ್ದ ಕ್ರೀಮಿನ ಹಿಂದೆ ಈಗ ತಾನೇ ಓದಿದೆ, ಟೈಟಾನಿಯಂ ಡೈಆಕ್ಸೈಡ್ ಅಂತ ಇದೆ, ಪಕ್ಕಕ್ಕಿಟ್ಟೆ. ಇನ್ನೊಂದಿಷ್ಟು ಕೇಳಲಾ? ಕನ್ನಡಕ ತೆಗೆಯಬೇಕಾ? ಹುಬ್ಬು ಶನಿವಾರ ಮಾಡಿಸಿದರೆ ಆಗುತ್ತದಾ? ಸೀರೆ ಗಿಣಿಹಸಿರು ರೇಷ್ಮೆ ಅಂದುಕೊಂಡಿದ್ದೇನೆ. ಬೊಟ್ಟು ಸ್ಟಿಕ್ಕರಾ ಕುಂಕುಮವಾ?

ಗೆಜ್ಜೆಪೆಟ್ಟಿಗೆ

ಹುಬ್ಬು ಗುರುವಾರವೇ ಮಾಡಿಸಿ, ಕೆಂಪು, ಗುಳ್ಳೆ ಇಳಿಯಲು ಸಮಯ ಬೇಕು. ಫೇಶಿಯಲ್ ಈ ವಾರ ಮಾಡಿಸಲೇಬೇಡಿ. ಹಿಂದಿನ ದಿನ ತಲೆಗೆ ಎಣ್ಣೆಯೂ ಬೇಡ, ಹಣೆಗೆ ಇಳಿಯುತ್ತದೆ. ತುಟಿಗೆ ಮುಲಾಮು ಅರ್ಧ ಗಂಟೆ ಮೊದಲೇ ಹಚ್ಚಿ, ಒರೆಸಿ, ಆಮೇಲೆ ಲಿಪ್‌ಸ್ಟಿಕ್. ಒಣತುಟಿಯ ಮೇಲೆ ಮ್ಯಾಟ್ ಹಚ್ಚಿದರೆ ಒಂದೊಂದು ಗೆರೆಯೂ ಕಾಣುತ್ತದೆ. ಕಾಡಿಗೆ ಹರಡುವ ಕಣ್ಣಾದರೆ ಅದರ ಮೇಲೆ ಕಪ್ಪು ಐಶ್ಯಾಡೋ ಪುಡಿ ಒತ್ತಿಬಿಡಿ, ಕೂತುಕೊಳ್ಳುತ್ತದೆ. ಬೊಟ್ಟು ಸ್ಟಿಕ್ಕರೇ ಇರಲಿ, ಮಖಮಲ್ಲಿನದು, ಕಲ್ಲಿನದು ಬೇಡ. ಕುಂಕುಮ ಇಟ್ಟರೆ ಮೂಗಿನ ಮೇಲೆ ಉದುರಿ ನಿಮ್ಮ ಕಾಂಪ್ಯಾಕ್ಟ್ ಎಲ್ಲ ಹಾಳು.

ಕತ್ತಲೆಕೋಣೆ

ದಿನಾ ಕನ್ನಡಕ ಹಾಕುವವರು ಹಾಕಿಕೊಂಡೇ ತೆಗೆಸಿ, ಕೇಳಲು ಬರುವವರು ಅದರಲ್ಲೇ ನಿಮ್ಮನ್ನು ಗುರುತಿಸುವುದು. ಕಡ್ಡಿಯನ್ನು ಕಿವಿಯಿಂದ ಸ್ವಲ್ಪ ಮೇಲೆತ್ತಿದರೆ ಗಾಜು ಕೆಳಗೆ ಬಾಗಿ ಲೈಟಿನ ಪ್ರತಿಬಿಂಬ ಹೋಗುತ್ತದೆ, ಇದನ್ನು ನಿಮ್ಮ ಫೋಟೋಗ್ರಾಫರೇ ಹೇಳುತ್ತಾರೆ. ಮೈನಸ್ ನಂಬರ್ ಇದ್ದರೆ ಕಣ್ಣು ಸಣ್ಣದಾಗಿ ಕಾಣುತ್ತದೆ, ಆಗ ಮೇಲಿನ ರೆಪ್ಪೆಯ ಗೆರೆ ದಿನಕ್ಕಿಂತ ಚೂರು ದಪ್ಪ ಇರಲಿ. ಒಂದೆರಡು ಕನ್ನಡಕ ಇಲ್ಲದೆಯೂ ಬೇಕಾದರೆ ಅವನ್ನೇ ಮೊದಲು ತೆಗೆಸಿ, ಹೋಗುವ ಅರ್ಧ ಗಂಟೆ ಮೊದಲೇ ಕನ್ನಡಕ ತೆಗೆದಿಡಿ. ಇಲ್ಲದಿದ್ದರೆ ಮೂಗಿನ ಮೇಲೆ ಎರಡು ಗುಂಡಿ ಉಳಿದಿರುತ್ತದೆ.

ಗಿಣಿಹಸಿರಿಗೆ ನನ್ನ ಮತ ಇಲ್ಲ. ಹೊಳೆಯುವ ರೇಷ್ಮೆ ಬೆಳಕನ್ನು ಗಲ್ಲದ ಕೆಳಗೆ ಎಸೆಯುತ್ತದೆ, ಕತ್ತು ಹಸಿರಾಗುತ್ತದೆ, ಯಾವ ಮೇಕಪ್ಪೂ ಅದಕ್ಕೆ ಸಾಲದು. ಕಡು ಮೆರೂನ್ ಅಥವಾ ಸಾಸಿವೆ ಹಳದಿ ಇದ್ದರೆ ತನ್ನಿ, ಗಿಣಿಹಸಿರು ಬ್ಯಾಗಿನಲ್ಲಿರಲಿ, ಕೊನೆಗೆ ತಂಬೂರಿ ಜೊತೆ ದೂರದ ಫೋಟೋಗೆ ಉಟ್ಟುಕೊಳ್ಳಬಹುದು. ಟಿಶ್ಯೂ ಪೇಪರ್ ಒಂದು ಕಟ್ಟು ಇಟ್ಟುಕೊಳ್ಳಿ, ಎಣ್ಣೆ ಬಂದಾಗ ಒತ್ತಿ ತೆಗೆಯಿರಿ, ಉಜ್ಜಬೇಡಿ.