18 ಕಿ.ಮೀ. ಅಂತ ಹೊರಟು 13ಕ್ಕೆ ಕೂತುಬಿಟ್ಟೆ. ಈ ಭಾನುವಾರ ನಿಮ್ಮ ಓಟ ಹೇಗಾಯಿತು?

ಕೆರೆ_ಏರಿ_ಮೈಸೂರು · ಭಾನುವಾರ ಮಧ್ಯಾಹ್ನ

ಎಲ್ಲರಿಗೂ ನಮಸ್ಕಾರ. ಪ್ರತಿ ಭಾನುವಾರ ನೀವೆಲ್ಲ ಹಾಕುವ ಓಟದ ಲೆಕ್ಕ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 41 ವರ್ಷ, ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಅಂತ ಹೋಗುತ್ತಿದ್ದವಳು ನಿಧಾನಕ್ಕೆ ಓಡಲು ಶುರು ಮಾಡಿದೆ. ಟೆನ್ ಕೆ ಮೂರು ಸಲ ಓಡಿದ್ದೇನೆ, ಅದರಲ್ಲಿ ಒಳ್ಳೆ ಟೈಮ್ ಅಂದರೆ 1 ಗಂಟೆ 12 ನಿಮಿಷ. ಈಗ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ಹಾಫ್‌ಗೆ, ಅಂದರೆ 21 ಕಿ.ಮೀ. ಓಟಕ್ಕೆ, ಹೆಸರು ಕೊಟ್ಟಿದ್ದೇನೆ. ಇನ್ನು ಐದು ವಾರ ಇದೆ. 2 ಗಂಟೆ 45 ನಿಮಿಷದೊಳಗೆ ಮುಗಿಸಬೇಕು ಅಂತ ಆಸೆ.

ಇವತ್ತು 18 ಕಿ.ಮೀ. ಓಡಬೇಕಿತ್ತು. ನಮ್ಮ ಬಡಾವಣೆಯ ಓಟದ ಗುಂಪಿನ ಜೊತೆ 5.45ಕ್ಕೆ ಹೊರಟೆ. ಮಾನಸಗಂಗೋತ್ರಿ ಒಳಗೆ ಸುತ್ತು ಹಾಕಿ, ಆಮೇಲೆ ಬೋಗಾದಿ ರಸ್ತೆ ಹಿಡಿದು ರಿಂಗ್ ರೋಡ್ ಕಡೆಗೆ. ಮೊದಲ 8 ಕಿ.ಮೀ. 6.45, 6.50 ಪೇಸ್‌ನಲ್ಲಿ (ಒಂದು ಕಿಲೋಮೀಟರಿಗೆ ಹಿಡಿಯುವ ನಿಮಿಷ, ಸೆಕೆಂಡು) ಚೆನ್ನಾಗೇ ಹೋಯಿತು, ಗುಂಪಿನವರ ಜೊತೆಗೇ ಇದ್ದೆ, ಖುಷಿಯೂ ಆಗಿತ್ತು. 11 ಆಗುವಷ್ಟರಲ್ಲಿ ತೊಡೆ ಕಲ್ಲಾದ ಹಾಗೆ ಆಯಿತು. ಅವರು ಮುಂದೆ ಹೋದರು. 13ಕ್ಕೆ ಕಣ್ಣು ಮಂಜಾದ ಹಾಗೆ ಆಗಿ ಬಸ್ ಸ್ಟಾಪಿನ ಕಟ್ಟೆ ಮೇಲೆ ಕೂತೆ. ಬೆರಳು ನಡುಗುತ್ತಿತ್ತು, ಶೂ ಲೇಸ್ ಸಡಿಲ ಮಾಡೋಣ ಅಂದರೆ ಗಂಟು ಕೈಗೇ ಸಿಗಲಿಲ್ಲ. ಅಲ್ಲಿ ಹೂವು ಕಟ್ಟುತ್ತಾ ಕೂತಿದ್ದ ಅಜ್ಜಿ ಒಬ್ಬರು ತಮ್ಮ ಬಾಟಲಿಯಿಂದ ನೀರು ಕೊಟ್ಟರು. ಆಟೋ ಹಿಡಿದು ಮನೆಗೆ ಬಂದೆ.

ನಿನ್ನೆ ಓಟ ಇರಲಿಲ್ಲ, ರೆಸ್ಟ್. ಶ್ರಾವಣ ಶನಿವಾರ ಅಲ್ವಾ, ಬೆಳಿಗ್ಗೆ ನಾದಿನಿ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಬಂದೆ, ಮಧ್ಯಾಹ್ನ ಊಟ, ರಾತ್ರಿ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಅಷ್ಟೇ. ಹಾಗಾಗಿ ದಣಿವು ಇರುವ ಕಾರಣವೇ ಇಲ್ಲ ಅನಿಸುತ್ತದೆ.

13ಕ್ಕೆ ನಿಂತವಳು ಐದು ವಾರದಲ್ಲಿ 21 ಓಡುವುದು ಸಾಧ್ಯವಾ? ವಯಸ್ಸಿನ ತೊಂದರೆಯಾ? ಹೆಸರು ವಾಪಸ್ ತೆಗೆದುಕೊಳ್ಳೋಣ ಅಂತಲೂ ಯೋಚನೆ ಬಂತು. ನಿಮ್ಮ ವಾರಾಂತ್ಯ ಹೇಗಿತ್ತು ಅಂತಲೂ ಬರೆಯಿರಿ, ಓದಿದರೆ ಧೈರ್ಯ ಬರುತ್ತದೆ.

ಕಬ್ಬನ್_ಬೆಳಗು · ಭಾನುವಾರ ಮಧ್ಯಾಹ್ನ

ಅಕ್ಕ, ಮೊದಲು ಹೊಟ್ಟೆ ತುಂಬಾ ಊಟ ಮಾಡಿ, ಮಲಗಿ. ಹೆಸರು ವಾಪಸ್ ತೆಗೆಯುವ ಮಾತು ಇವತ್ತು ಬೇಡ. ಸುಸ್ತಾಗಿರುವ ದಿನ ಯಾವ ತೀರ್ಮಾನವೂ ಸರಿ ಬರುವುದಿಲ್ಲ.

ನನ್ನದು ಇವತ್ತು 16 ಕಿ.ಮೀ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ, ಅದೇ ದೊಡ್ಡ ಸುಖ. ಬಿದಿರು ಮೆಳೆ ಹತ್ತಿರ ರಾತ್ರಿ ಮಳೆಗೆ ಎಲೆ ಉದುರಿ ಜಾರುತ್ತಿತ್ತು, ಅಲ್ಲಿ ಮಾತ್ರ ನಡೆದೆ. ನಿಮ್ಮ ಹಾಫ್ ದಾರಿ ನಾನು ಒಮ್ಮೆ ಓಡಿದ್ದೇನೆ. ಮಣ್ಣಿನ ದಾರಿ, ಪಕ್ಕದಲ್ಲಿ ಕಾಲುವೆ, ಗದ್ದೆ, ಹೋದ ದಾರಿಯಲ್ಲೇ ವಾಪಸ್. ನೋಡಲು ತುಂಬಾ ಚಂದ, ಆದರೆ ಬಿಸಿಲು ಏರಿದ ಮೇಲೆ ನೆರಳು ಕಡಿಮೆ. ವಾರಕ್ಕೆ ಒಂದು ಸಲವಾದರೂ ಡಾಂಬರು ಬಿಟ್ಟು ಮಣ್ಣಿನ ಮೇಲೆ ಓಡಿ, ಪಾದಕ್ಕೆ ಅಭ್ಯಾಸ ಆಗುತ್ತದೆ. ಟೋಪಿ ಮರೆಯಬೇಡಿ.

ಕೆಲಗೇರಿ_ದಂಡೆ · ಭಾನುವಾರ ಸಂಜೆ

ನೋಡ್ರಿ ಅಕ್ಕಾವ್ರೆ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಉತ್ತರ ಅದರೊಳಗೇ ಇದೆ.

ಟೆನ್ ಕೆ 1 ಗಂಟೆ 12 ನಿಮಿಷ ಅಂದರೆ ಕಿಲೋಮೀಟರಿಗೆ 7.12. ಅದು ನೀವು ಜೀವ ಬಿಟ್ಟು ಓಡಿದ ವೇಗ. ಇವತ್ತು 18 ಓಡಬೇಕಾದ ದಿನ 6.45ರಲ್ಲಿ ಹೊರಟಿದ್ದೀರಿ! ರೇಸಿಗಿಂತ ಜೋರು. ಹಾಫ್ 2.45ಕ್ಕೆ ಮುಗಿಸಲು ಬೇಕಾಗುವುದೇ 7.49. ಲಾಂಗ್ ರನ್ ಅದಕ್ಕಿಂತಲೂ ನಿಧಾನ ಇರಬೇಕು, ನಿಮಗೆ 8.20, 8.30 ಆದರೂ ನಡೆಯುತ್ತದೆ. ಗಡಿಯಾರ ನೋಡುವುದೇ ಬೇಡ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಜಾಸ್ತಿ ಆಯಿತು ಅಂತ ಲೆಕ್ಕ. 2019ರಲ್ಲಿ ವಿಯೆನ್ನಾದಲ್ಲಿ 42.195 ಕಿ.ಮೀ. ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ ಕೀನ್ಯಾದ ಓಟಗಾರ ಕಿಪ್ಚೋಗೆ ಕೂಡ ಸುಲಭದ ದಿನ ಸುಲಭವಾಗಿಯೇ ಓಡುತ್ತಾರೆ.

ಎರಡನೆಯದು, ಶನಿವಾರ ರೆಸ್ಟ್ ಅಂದಿರಿ. ಸಾವಿರ ಮೆಟ್ಟಿಲು ಹತ್ತಿ ಇಳಿದರೆ ಅದು ರೆಸ್ಟ್ ಹೇಗಾಗುತ್ತದೆ? ಹತ್ತುವುದು ಉಸಿರಿಗೆ ಕಷ್ಟ, ಇಳಿಯುವುದು ತೊಡೆಗೆ ಕಷ್ಟ. ಇಳಿಯುವಾಗ ತೊಡೆಯ ಮುಂದಿನ ಮಾಂಸಖಂಡ ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಸಣ್ಣಸಣ್ಣ ಏಟು ಬೀಳುತ್ತವೆ. ಆ ನೋವು ಅವತ್ತು ಗೊತ್ತಾಗುವುದಿಲ್ಲ, ಮರುದಿನ, ಮೂರನೇ ದಿನ ಬರುತ್ತದೆ. ನಿಮ್ಮ ತೊಡೆ 11ನೇ ಕಿಲೋಮೀಟರಿನಲ್ಲಿ ಕಲ್ಲಾಗಿದ್ದಕ್ಕೆ ಬೇರೆ ಕಾರಣ ಹುಡುಕುವುದು ಬೇಡ.

ಮೂರನೆಯದು ಒಪ್ಪತ್ತು. ಮಾಂಸಖಂಡ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಅಂಶ ಇರುತ್ತದಲ್ಲ, ಹೊಟ್ಟೆ ತುಂಬಾ ಉಂಡಿದ್ದರೂ ಒಂದೂವರೆ ಎರಡು ತಾಸಿನ ಜೋರು ಓಟಕ್ಕೆ ಅದು ಬರಿದಾಗುತ್ತಾ ಬರುತ್ತದೆ. ನೀವು ಬಾಳೆಹಣ್ಣು ಹಾಲಿನ ಮೇಲೆ ಹೋಗಿದ್ದೀರಿ. 13 ಕಿ.ಮೀ. ಅಂದರೆ ನಿಮಗೆ ಹೆಚ್ಚುಕಮ್ಮಿ ಒಂದೂವರೆ ತಾಸು. ಬೆರಳು ನಡುಗಿದ್ದು, ಕಣ್ಣು ಮಂಜಾಗಿದ್ದು ಅದಕ್ಕೇ ಇರಬೇಕು. ವ್ರತ ಬಿಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಶ್ರಾವಣ ಸೋಮವಾರ ಒಪ್ಪತ್ತು ಇದೆ. ಆ ಒಂದು ಊಟವನ್ನು ಮಧ್ಯಾಹ್ನದ ಬದಲು ರಾತ್ರಿ ಪೂಜೆ ಆದಮೇಲೆ ಇಟ್ಟುಕೊಳ್ಳಲು ಆಗುತ್ತದಾ ನೋಡಿ. ಇಲ್ಲದಿದ್ದರೆ ಶ್ರಾವಣ ಮುಗಿಯುವ ತನಕ ಉದ್ದದ ಓಟವನ್ನು ಭಾನುವಾರ ಸಂಜೆಗೆ ತಳ್ಳಿ, ಬೆಳಿಗ್ಗೆ ಮಧ್ಯಾಹ್ನ ಸರಿಯಾಗಿ ಉಂಡು ಹೋಗಿ.

ಇಷ್ಟೆಲ್ಲ ತಲೆ ಮೇಲೆ ಹೊತ್ತುಕೊಂಡು 13 ಓಡಿದವರು ನೀವು. ಅದನ್ನು ಮರೆಯಬೇಡಿ. ಮುಂದಿನ ಭಾನುವಾರಗಳಿಗೆ 14, 17, 19, ಆಮೇಲೆ ಇಳಿಸಿ 12, ಅದರ ಮುಂದಿನದು ರೇಸ್. ಹೀಗೆ ಹೋದರೆ ಸಾಕು.

ನನ್ನ ವಾರ: ಶನಿವಾರ 6, ಇವತ್ತು 20. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಕೆರೆ ಆಚೆ ಹೊಲದ ದಾರಿ ಹಿಡಿದೆ, ಎರೆ ಮಣ್ಣು ಶೂ ತಳಕ್ಕೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರು ತೂಕ ಆಗಿತ್ತು. ಕಲ್ಲಿಗೆ ಕೆರೆದು ಕೆರೆದು ಓಡಿದೆ. ಈಗ ಶೂ ಒಳಗೆ ಹಳೇ ಪೇಪರ್ ತುಂಬಿ ಫ್ಯಾನ್ ಕೆಳಗೆ ಇಟ್ಟಿದ್ದೇನೆ. ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ.

ಹಾಸನ_ಹೆಜ್ಜೆ · ಭಾನುವಾರ ರಾತ್ರಿ

ಕೆಲಗೇರಿ ಅಣ್ಣ ಹೇಳಿದ್ದು ಎಲ್ಲಾ ಸರಿ. ಒಂದು ಸೇರಿಸುತ್ತೇನೆ. ನಾನು ನರ್ಸ್, ಓಡುವವಳೂ ಹೌದು. ಅಕ್ಕ, ಒಂದು ಸಲ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು) ಎರಡೂ ಟೆಸ್ಟ್ ಮಾಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದು ಸರಿ ಇದ್ದು ಫೆರಿಟಿನ್ ಕಡಿಮೆ ಇದ್ದರೂ ಮೆಟ್ಟಿಲು ಹತ್ತುವಾಗಲೇ ಏದುಸಿರು ಬರಬಹುದು. ಮುಟ್ಟಿನ ದಿನಗಳಲ್ಲಿ ಜಾಸ್ತಿ ಹೋಗುವವರಂತೂ ಟೆಸ್ಟ್ ಮಾಡಿಸಲೇಬೇಕು. ಕಳೆದ ವರ್ಷ ನಾನು ಮೂರು ತಿಂಗಳು ನನ್ನ ಸೋಮಾರಿತನ ಅಂತ ನನ್ನನ್ನೇ ಬೈದುಕೊಂಡೆ. ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ 9.8 ಬಂತು. ಡಾಕ್ಟರ್ ಕೊಟ್ಟ ಮಾತ್ರೆ, ಜೊತೆಗೆ ಊಟ ಆದ ತಕ್ಷಣ ಟೀ ಕುಡಿಯುವುದು ಬಿಟ್ಟೆ. ಟೀ ಕಬ್ಬಿಣ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದು ಚೆನ್ನಾಗಿ ಹತ್ತುತ್ತದೆ. ಮಾತ್ರೆ ಮಾತ್ರ ಟೆಸ್ಟ್ ಮಾಡಿಸದೆ ಸುಮ್ನೆ ತೆಗೆದುಕೊಳ್ಳಬೇಡಿ.

ಸರಿಯಾಗಿ ಉಂಡು ನಿಧಾನ ಓಡಿದ ದಿನವೂ ಕಣ್ಣು ಮಂಜಾದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಅಸಡ್ಡೆ ಬೇಡ.

ನನ್ನದು ಇವತ್ತು 8. ನೈಟ್ ಡ್ಯೂಟಿ ಮುಗಿಸಿ ಬಂದು ಓಡಿದೆ.

ತಣ್ಣೀರುಬಾವಿ · ಭಾನುವಾರ ರಾತ್ರಿ

ನೈಟ್ ಡ್ಯೂಟಿ ಆದಮೇಲೆ 8 ಅಂದರೆ ನನ್ನ 21ಕ್ಕೆ ಸಮ. ಭೇಷ್!

ಮಂಗಳೂರಿನಲ್ಲಿ ಚಳಿ ಅಂತ ಒಂದು ಇಲ್ಲ, ಬೆಳಿಗ್ಗೆ ಐದಕ್ಕೇ ಅಂಗಿ ಹಿಂಡಿದರೆ ನೀರು. ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಣಿಯುವುದಿಲ್ಲ, ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ಅದಕ್ಕೇ ನಾವು ಇಲ್ಲಿ ಗಡಿಯಾರ ನೋಡುವುದನ್ನೇ ಬಿಟ್ಟಿದ್ದೇವೆ. ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯಬೇಕು, ಮೊದಲ ಕಿಲೋಮೀಟರಿನಿಂದಲೇ. ಅಮೆರಿಕದ ಜೆಫ್ ಗ್ಯಾಲೋವೇ ಹೇಳಿಕೊಟ್ಟ ಕ್ರಮ ಇದು, ಅವರು 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ನಡೆದರೆ ಮರ್ಯಾದೆ ಹೋಯಿತು ಅಂತ ನೀವು ಅಂದುಕೊಂಡಿದ್ದರೆ ಅದನ್ನು ಬಿಟ್ಟುಬಿಡಿ ಮೇಡಂ.

ಇನ್ನು ದಾರಿಯಲ್ಲಿ ತಿನ್ನಲು ಏನಾದರೂ ಇರಲಿ. 45 ನಿಮಿಷಕ್ಕೊಮ್ಮೆ ನಾನು ಎರಡು ಖರ್ಜೂರ, ಕೆಲವು ಸಲ ಬೆಲ್ಲದ ಚೂರು. ನೀರಿಗೆ ನಿಂಬೆ, ಉಪ್ಪು, ಸಕ್ಕರೆ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪಿನ ಅಂಶ ಇಳಿದರೆ ಅದು ಬೇರೆಯೇ ಅಪಾಯ. ಮನೆಗೆ ಬಂದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಇದಕ್ಕಿಂತ ಒಳ್ಳೆಯದು ಇನ್ನೊಂದು ನನಗೆ ಗೊತ್ತಿಲ್ಲ.

ಅರವತ್ತೆರಡರ_ಓಟ · ಸೋಮವಾರ ಬೆಳಿಗ್ಗೆ

ನೋಡಮ್ಮ, ವಯಸ್ಸಿನ ಬಗ್ಗೆ ಕೇಳಿದ್ದೀಯ, ಅದಕ್ಕೆ ನಾನು ಉತ್ತರ ಹೇಳುತ್ತೇನೆ. ನಾನು ಓಡಲು ಶುರು ಮಾಡಿದ್ದೇ 50ಕ್ಕೆ, ಮೊದಲ ಹಾಫ್ 53ಕ್ಕೆ. ಫೌಜಾ ಸಿಂಗ್ ಅವರು ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದ್ದು 2000ನೇ ಇಸವಿಯಲ್ಲಿ, ಆಗ ಅವರಿಗೆ 89. 41 ಯಾವ ವಯಸ್ಸು? ವಯಸ್ಸಾದಂತೆ ಓಟ ಆದಮೇಲೆ ಮೈ ಸುಧಾರಿಸಿಕೊಳ್ಳಲು ಒಂದು ದಿನ ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಅದನ್ನು ಕೊಡು.

ನನಗೆ ಬೇಸರ ಆಗಿದ್ದು ಬೇರೆ ವಿಷಯಕ್ಕೆ. ಗುಂಪಿನಲ್ಲಿ ಹೊರಟವಳು ಒಬ್ಬಳೇ ಬಸ್ ಸ್ಟಾಪಿನಲ್ಲಿ ಕೂತು ಒಬ್ಬಳೇ ಆಟೋ ಹಿಡಿದು ಬಂದೆಯಲ್ಲ. ಹೂವಿನ ಅಜ್ಜಿ ನೋಡಿಕೊಂಡರು, ಜೊತೆಗೆ ಓಡಿದವರು ನೋಡಲಿಲ್ಲ. ಅವರು ಕೆಟ್ಟವರು ಅಂತಲ್ಲ, ಮುಂದೆ ಓಡುವವನಿಗೆ ಹಿಂದೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಪ್ರತಿ ಭಾನುವಾರ ಒಬ್ಬರು ಸರದಿ ಮೇಲೆ ಎಲ್ಲರಿಗಿಂತ ಹಿಂದೆ ಓಡುತ್ತಾರೆ. ಅವತ್ತು ಅವರಿಗೆ ಟೈಮ್ ಇಲ್ಲ, ಪೇಸ್ ಇಲ್ಲ. ಕೊನೆಯವರು ನಡೆದರೆ ಅವರೂ ನಡೆಯಬೇಕು. ಜೇಬಿನಲ್ಲಿ ಆಟೋಗೆ ದುಡ್ಡು, ಫೋನು, ಗ್ಲೂಕೋಸ್ ಪುಡಿ. ನಿಮ್ಮ ಗುಂಪಿನಲ್ಲೂ ಈ ಮಾತು ಎತ್ತು. ಸಂಕೋಚ ಬೇಡ. ನಿನ್ನ ಹಾಗೆ ಹಿಂದೆ ಬಿದ್ದು, ಮರುವಾರ ಬಾರದೇ ಹೋದವರನ್ನು ನಾನು ತುಂಬಾ ಜನ ನೋಡಿದ್ದೇನೆ.

ನಿನ್ನೆ ನನ್ನ ಸರದಿ ಇತ್ತು. 10 ಕಿ.ಮೀ., 1 ಗಂಟೆ 35 ನಿಮಿಷ. ಹೊಸದಾಗಿ ಸೇರಿದ ಹುಡುಗನ ಜೊತೆ.

ಕೆರೆ_ಏರಿ_ಮೈಸೂರು · ಸೋಮವಾರ ರಾತ್ರಿ

ಸ್ಟಾಫ್ ರೂಮಿನಲ್ಲಿ ಕೂತು ಇದೆಲ್ಲ ಓದಿದೆ, ಕಣ್ಣು ತುಂಬಿ ಬಂತು. ಮೆಟ್ಟಿಲು ಇಳಿದಿದ್ದು ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ನಿಜವಾಗಲೂ ಹೊಳೆದಿರಲಿಲ್ಲ. ಇವತ್ತು ಕಾಲು ಎಷ್ಟು ಹಿಡಿದುಕೊಂಡಿದೆ ಅಂದರೆ ಬೋರ್ಡಿನ ಮೇಲೆ ಕೆಳಗಿನ ಸಾಲು ಬರೆಯಲು ಬಗ್ಗಲು ಆಗಲಿಲ್ಲ, ಮಕ್ಕಳ ಕೈಲೇ ಬರೆಸಿದೆ. ರಕ್ತ ಪರೀಕ್ಷೆಗೆ ಬುಧವಾರ ಹೋಗುತ್ತೇನೆ. ಗುಂಪಿನಲ್ಲೂ ಮೆಸೇಜ್ ಹಾಕಿದ್ದೇನೆ. ಹೆಸರು ವಾಪಸ್ ತೆಗೆಯುವುದಿಲ್ಲ.

ಕೆರೆ_ಏರಿ_ಮೈಸೂರು · ಮುಂದಿನ ಭಾನುವಾರ ಮಧ್ಯಾಹ್ನ

14 ಕಿ.ಮೀ. ಆಯಿತು! 1 ಗಂಟೆ 58 ನಿಮಿಷ. ಒಂಬತ್ತು ಓಟ ಒಂದು ನಡಿಗೆ, ಮೊದಲಿನಿಂದ ಕೊನೆ ತನಕ.

ನಿನ್ನೆ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ದೇವರ ದರ್ಶನ ಮಾಡಿ ಬಂದೆವು. ಅತ್ತೆಯವರಿಗೆ ವಿಷಯ ಹೇಳಿದೆ, ಅವರೇ "ರಾತ್ರಿ ಉಣ್ಣು, ಅದೂ ಒಪ್ಪತ್ತೇ" ಅಂದರು. ಅನ್ನ, ಸಾರು, ತುಪ್ಪ, ಪಾಯಸ ಎಲ್ಲಾ ಇತ್ತು. ಇವತ್ತು ಏಳನೇ ಕಿಲೋಮೀಟರಿನಲ್ಲಿ ಎರಡು ಖರ್ಜೂರ ತಿಂದೆ. ಹತ್ತು ದಾಟಿದ ಮೇಲೆ ಭಯ ಇತ್ತು, ಈಗ ಕಾಲು ಹಿಡಿಯುತ್ತದೆ, ಈಗ ಹಿಡಿಯುತ್ತದೆ ಅಂತ ಕಾಯುತ್ತಾ ಇದ್ದೆ, ಹಿಡಿಯಲೇ ಇಲ್ಲ. ಕೊನೆಯ ಸುತ್ತು ಕೆರೆ ಏರಿ ಮೇಲೆ, ಹೆಜ್ಜಾರ್ಲೆಗಳು ನೀರಿಗೆ ಇಳಿಯುತ್ತಿದ್ದವು. ನಿಧಾನ ಓಡಿದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ.

ಹಿಮೋಗ್ಲೋಬಿನ್ 11.4 ಬಂದಿದೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಊಟದ ಮೇಲಿನ ಟೀ ನಿಲ್ಲಿಸಿದ್ದೇನೆ. ಹಾಸನದ ತಂಗಿಗೆ ದೊಡ್ಡ ಥ್ಯಾಂಕ್ಸ್.

ಗುಂಪಿನವರು ಸರದಿ ವಿಷಯಕ್ಕೆ ಒಪ್ಪಿದರು. ಇವತ್ತು ಒಬ್ಬರು ಪೂರ್ತಿ 14 ನನ್ನ ಜೊತೆಗೇ ಓಡಿದರು. ಮುಂದಿನ ವಾರ 17, ಬೆಳಿಗ್ಗೆ 5.30ಕ್ಕೆ ಕುಕ್ಕರಹಳ್ಳಿಯಿಂದ. ಎಲ್ಲರಿಗಿಂತ ಹಿಂದೆ ಓಡುವ ಸರದಿ ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಮೈಸೂರಿನಲ್ಲಿ ನಿಧಾನ ಓಡುವವರು ಯಾರಾದರೂ ಇದ್ದರೆ ಬನ್ನಿ, ಖರ್ಜೂರ ಜಾಸ್ತಿ ತರುತ್ತೇನೆ.