ಲಿನಕ್ಸ್‌ಗೆ ಬರೆದ ಮುಕ್ತ ತಂತ್ರಾಂಶವನ್ನು ವಿಂಡೋಸ್‌ಗೂ ಒಗ್ಗಿಸಬೇಕೇ?

ತೀರ್ಥಹಳ್ಳಿಯಿಂದ ಪ್ರಶ್ನೆ:
ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ದಿನಗಳಲ್ಲಿ ಅಡಿಕೆ ಸುಲಿಯುವವರ ಲೆಕ್ಕವನ್ನೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ತೂಕವನ್ನೂ ಬರೆದಿಡಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕ ತಂತ್ರಾಂಶವೊಂದನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಹಂಚುತ್ತಿದ್ದೇನೆ. ಅದು ಸದ್ಯ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಾತ್ರ ನಡೆಯುತ್ತದೆ. ನೆರೆಹೊರೆಯ ತೋಟದವರಲ್ಲಿ ಇರುವುದು ವಿಂಡೋಸ್. ಅದಕ್ಕೂ ಒಗ್ಗಿಸಿಕೊಟ್ಟರೆ ಅವರು ಮುಕ್ತ ವ್ಯವಸ್ಥೆಯ ಕಡೆಗೆ ಎಂದಿಗೂ ಬರುವುದಿಲ್ಲವೆಂದು ಗೆಳೆಯರೊಬ್ಬರು ಎಚ್ಚರಿಸುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸಾಗರದಿಂದ:
ಖಂಡಿತ ಮಾಡಿಕೊಡಿ. ನಮ್ಮೂರಿನ ವಾಚನಾಲಯದ ಗಣಕಗಳಲ್ಲಿ ವಿಂಡೋಸ್ ಇದ್ದಾಗಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಎಂಬ ಮುಕ್ತ ತಂತ್ರಾಂಶಗಳನ್ನು ಹಾಕಿ, ಹಳೆಯ ಕಡತಗಳನ್ನೆಲ್ಲ ಒಡಿಎಫ್ ಎಂಬ ಮುಕ್ತ ಕಡತ ನಮೂನೆಗೆ ಬದಲಿಸಿಕೊಂಡಿದ್ದೆವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಆ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾಗಲಿಲ್ಲ, ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಹಾಕಿದೆವು. ಕೈಗೆ ಪಳಗಿದ ತಂತ್ರಾಂಶಗಳೇ ಅಲ್ಲಿಯೂ ಇದ್ದುದರಿಂದ, ಪ್ರಿಂಟರ್ ಹೊಂದಿಸಲು ಕಳೆದ ಒಂದು ಮಧ್ಯಾಹ್ನವನ್ನು ಬಿಟ್ಟರೆ ಬೇರೆ ತೊಡಕು ಬರಲಿಲ್ಲ. ಮುಕ್ತ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಕಟ್ಟಲು ಹೊರಟ ಗ್ನೂ ಯೋಜನೆ ಬೆಳೆದ ಬಗೆಯನ್ನೂ ನೆನೆಯಬೇಕು: 1983ರಲ್ಲಿ ಅದು ಘೋಷಣೆಯಾದ ಮೇಲೆ ಅದರ ಇಮ್ಯಾಕ್ಸ್ (ಪಠ್ಯ ಸಂಪಾದಕ), ಜಿಸಿಸಿ (ಕಂಪೈಲರ್) ತಂತ್ರಾಂಶಗಳನ್ನು ಜನ ಮೊದಲು ಬಳಸಿದ್ದು ಖಾಸಗಿ ಒಡೆತನದ ಯುನಿಕ್ಸ್ ವ್ಯವಸ್ಥೆಗಳ ಮೇಲೆಯೇ. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ ಬಂದದ್ದು ಆಮೇಲೆ, 1991ರಲ್ಲಿ.

ಶಿವಮೊಗ್ಗದಿಂದ:
ಸಾಗರದವರ ಅನುಭವವನ್ನು ಗೌರವಿಸುತ್ತೇನೆ, ನನ್ನದು ಬೇರೆ. ಶಾಲಾ ಗ್ರಂಥಾಲಯಕ್ಕಾಗಿ ಬರೆದ ತಂತ್ರಾಂಶವನ್ನು ನಾನು ವಿಂಡೋಸ್‌ಗೂ ಒಗ್ಗಿಸಿದೆ. ಆಮೇಲೆ ನನ್ನ ರಜಾದಿನಗಳೆಲ್ಲ ಇನ್‌ಸ್ಟಾಲರ್ ಕಟ್ಟುವುದರಲ್ಲಿ, ಸಹಿಯಿಲ್ಲದ ಕಡತವೆಂದು ಪರದೆಯ ಮೇಲೆ ಬರುವ ಎಚ್ಚರಿಕೆಗೆ ಹೆದರಿದವರಿಗೆ ಫೋನಿನಲ್ಲಿ ವಿವರಿಸುವುದರಲ್ಲಿ ಕಳೆದವು. ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಹಣ ತೆರಬೇಕು. ಉಚಿತವಾಗಿ ಹಂಚುವವರಿಗೆ ಅದು ಹೊರೆಯೇ. ಬಳಸಿದ ಶಾಲೆಗಳಲ್ಲಿ ಒಂದೂ ಲಿನಕ್ಸ್‌ಗೆ ಬರಲಿಲ್ಲ. ಬೇರೆ ವ್ಯವಸ್ಥೆಗಳಿಗೆ ಬೆಂಬಲ ನೀಡುವುದು ಐಚ್ಛಿಕವೆಂದೇ ಗ್ನೂ ಯೋಜನೆಯ ಮಾರ್ಗಸೂಚಿಯೂ ಹೇಳುತ್ತದೆ. ಆದ್ದರಿಂದ ಹೊಸ ಸೌಲಭ್ಯಗಳು ಮೊದಲು ಲಿನಕ್ಸ್ ಆವೃತ್ತಿಗೇ ಬರಲಿ; ವಿಂಡೋಸ್ ಆವೃತ್ತಿಯ ಹೊಣೆಯನ್ನು ಅದನ್ನು ಬಳಸುವ ತೋಟದವರ ಮನೆಯ ಓದಿದ ಮಕ್ಕಳಲ್ಲಿ ಒಬ್ಬರು ಹೊರಲಿ. ಹಾಗೆ ಯಾರೂ ಸಿಗದಿದ್ದರೆ ಕಾಯುವುದೇ ಮೇಲು.

ಹೊಸನಗರದಿಂದ:
ಮಾಡುವುದಾದರೆ ಕನ್ನಡ ಅಕ್ಷರಗಳ ವಿಷಯದಲ್ಲಿ ಜಾಗ್ರತೆ ವಹಿಸಿ. ವಿಂಡೋಸ್‌ನಲ್ಲಿ ಪೈಥಾನ್ ಬಹುಕಾಲ ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸಬಲ್ಲ ಯುಟಿಎಫ್-8ರ ಬದಲು ಹಳೆಯ ಸಂಕೇತ ವ್ಯವಸ್ಥೆಯಲ್ಲಿಯೇ ಕಡತಗಳನ್ನು ತೆರೆಯುತ್ತಿದ್ದುದರಿಂದ, ಪ್ರತಿ ಕಡತವನ್ನು ತೆರೆಯುವಲ್ಲಿಯೂ ಯುಟಿಎಫ್-8 ಎಂದು ನೀವೇ ನಮೂದಿಸಬೇಕು. ಇಲ್ಲವಾದರೆ ಸುಲಿಯುವವರ ಹೆಸರನ್ನು ಉಳಿಸುವಾಗಲೇ ತಂತ್ರಾಂಶ ನಿಂತುಹೋಗುತ್ತದೆ. ನನಗೆ ಹಾಗೆಯೇ ಆಗಿ, ಒಂದು ಸಂಜೆಯ ಲೆಕ್ಕವನ್ನೆಲ್ಲ ಮತ್ತೆ ಪುಸ್ತಕ ನೋಡಿ ಬರೆಯಬೇಕಾಯಿತು.