ಓಟ್ಸ್ ಕುಕ್ಕಿ ಕೇಕಿನ ಹಾಗೆ ಮೆತ್ತಗೆ ಬರಬೇಕು, ಬರುತ್ತಿರುವುದು ಹಪ್ಪಳ

ಕೋಡಿಬಾಗ_ಗಾಳಿ (ಕಾರವಾರ):

ಓಟ್ಸ್ ಕುಕ್ಕಿಯಲ್ಲಿ ಎರಡು ಜಾತಿ ಇದೆಯಲ್ಲ. ಒಂದು ತೆಳ್ಳಗೆ, ಅಂಚು ಗರಿಗರಿ, ನಡುವೆ ಅಂಟಂಟು. ಇನ್ನೊಂದು ದಪ್ಪಗೆ ಉಬ್ಬಿ, ಮುರಿದರೆ ಒಳಗೆ ಕೇಕಿನಂಥ ತಿರುಳು. ನನಗೆ ಬೇಕಾದ್ದು ಎರಡನೆಯದು. ಆದರೆ ಟ್ರೇ ತುಂಬ ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆರಿದ ಮೇಲೆ ಅಂಚು ಗಟ್ಟಿ, ಮರುದಿನ ಮೇಲ್ಮೈ ಜಿಗುಟು, ತಿಂದರೆ ಕೊನೆಗೊಂದು ಸಾಬೂನಿನ ರುಚಿ.

ಅಳತೆ ಇದು: ಬೆಣ್ಣೆ 120 ಗ್ರಾಂ ಕರಗಿಸಿದ್ದು, ಸಕ್ಕರೆ 120, ಜೋನಿಬೆಲ್ಲ (ಜೇನಿನ ಹಾಗೆ ಹರಿಯುವ ಬೆಲ್ಲ) 80, ಮೈದಾ 110, ಓಟ್ಸ್ 90, ಮೊಟ್ಟೆ 1, ಅಡುಗೆ ಸೋಡಾ 1 ಟೀ ಚಮಚ. 20 ಲೀಟರಿನ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್), 190 ಡಿಗ್ರಿ, 15 ನಿಮಿಷ. ಯಾವುದನ್ನು ಬದಲಿಸಬೇಕು? ಮನೆಯಲ್ಲಿ ಒಬ್ಬರು ಮೊಟ್ಟೆ ತಿನ್ನುವುದಿಲ್ಲ, ಅದಕ್ಕೂ ದಾರಿ ಇದ್ದರೆ ಹೇಳಿ.

ಘಟ್ಟದಮೇಲಿನ_ಒಲೆ (ಶಿರಸಿ):

ಅಳತೆ ಬರೆದದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಮೈದಾ 110, ಸಿಹಿ ಒಟ್ಟು 200, ಬೆಣ್ಣೆ 120. ಬಿಸಿ ತಾಗಿದ ಕೂಡಲೇ ಬೆಣ್ಣೆಯೂ ಸಕ್ಕರೆಯೂ ನೀರಾಗಿ ಹರಿಯುತ್ತವೆ. ಹಿಡಿದು ನಿಲ್ಲಿಸಬೇಕಾದವು ಮೈದಾ ಮತ್ತು ಮೊಟ್ಟೆ. ಸಕ್ಕರೆ ಜಾಸ್ತಿಯಾದಷ್ಟೂ ಮೊಟ್ಟೆ ಗಟ್ಟಿಯಾಗುವುದು ತಡ, ಅಷ್ಟರಲ್ಲಿ ಹಿಟ್ಟು ಹರಡಿ ಮುಗಿದಿರುತ್ತದೆ. ತೆಳ್ಳಗಾದದ್ದರಲ್ಲಿ ನೀರು ಉಳಿಯುವುದಿಲ್ಲ, ಆರಿದಾಗ ಸಕ್ಕರೆ ಪಾಕದಂತೆ ಗಟ್ಟಿಯಾಗುತ್ತದೆ. ಅದೇ ಸಕ್ಕರೆ ಕಾರವಾರದ ಗಾಳಿಯಿಂದ ನೀರು ಎಳೆದುಕೊಂಡಾಗ ನಿಮ್ಮ ಮರುದಿನದ ಜಿಗುಟು.

ಕೇಕಿನಂಥದ್ದು ಬೇಕೆಂದರೆ ಅಳತೆಯನ್ನೂ ಕೇಕಿನ ಕಡೆ ತಿರುಗಿಸಬೇಕು. ಬೆಣ್ಣೆ ಮೈದಾದ ಮೂರನೇ ಎರಡು ಭಾಗ ದಾಟಬಾರದು, ಸಿಹಿ ಮೈದಾಗಿಂತ ಕಡಿಮೆ ಇರಬೇಕು, ನೀರಿನಂಶ ಮೊಸರಿನಿಂದ ಬರಬೇಕು. 40 ಗ್ರಾಂನ 16 ಕುಕ್ಕಿಗೆ ಹೀಗೆ: ಮೈದಾ 160 ಗ್ರಾಂ, ಓಟ್ಸ್ 100, ಉಪ್ಪಿಲ್ಲದ ಬೆಣ್ಣೆ 100, ಸಕ್ಕರೆ 70, ಜೋನಿಬೆಲ್ಲ 60, ದೊಡ್ಡ ಮೊಟ್ಟೆ 1 (ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ), ಗಟ್ಟಿ ಮೊಸರು 50, ಒಣದ್ರಾಕ್ಷಿ 60. ಬೇಕಿಂಗ್ ಪೌಡರ್ 1 ಟೀ ಚಮಚ, ಸೋಡಾ ಕಾಲು ಟೀ ಚಮಚ, ಉಪ್ಪು ಕಾಲು, ದಾಲ್ಚಿನ್ನಿ ಪುಡಿ ಅರ್ಧ, ಜಾಯಿಕಾಯಿ ತುರಿದದ್ದು ಒಂದು ಚಿಟಿಕೆ. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪು ಇದ್ದೇ ಇರುತ್ತದೆ, ಅದಾದರೆ ಬೇರೆ ಉಪ್ಪು ಬೇಡ. ಚಮಚ ಅಂದರೆ 5 ಮಿಲಿಯ ಅಳತೆ ಚಮಚ. ಚಹಾ ಕಲಕುವ ಚಮಚದ ಲೆಕ್ಕ ಸೋಡಾದ ಹತ್ತಿರ ನಡೆಯುವುದಿಲ್ಲ.

ಓಟ್ಸ್‌ನಲ್ಲಿ ಮೂರನೇ ಒಂದು ಭಾಗವನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಮೈದಾದೊಂದಿಗೆ ಜರಡಿ ಹಿಡಿಯಿರಿ. ಪುಡಿ ನೀರು ಕುಡಿದು ತಿರುಳನ್ನು ಮೆತ್ತಗೆ ಇಡುತ್ತದೆ, ಉಳಿದ ಇಡೀ ಓಟ್ಸ್ ಬಾಯಿಗೆ ಸಿಗುತ್ತದೆ. ಚಪ್ಪಟೆ ಒತ್ತಿದ ಸಾದಾ ಓಟ್ಸ್ ಆಗಬೇಕು. ನುಚ್ಚಿನ ಹಾಗಿರುವ ಓಟ್ಸ್ ಈ ಹೊತ್ತಿನಲ್ಲಿ ಬೇಯುವುದಿಲ್ಲ, ಹಲ್ಲಿಗೆ ಕಲ್ಲು.

ಬೆಣ್ಣೆ ಕರಗಿಸಬೇಡಿ. ಕರಗಿದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ, ಗಾಳಿ ಇಲ್ಲದೆ ಕೇಕಿನ ತಿರುಳು ಎಲ್ಲಿಂದ ಬರಬೇಕು? ಬೆರಳು ಒತ್ತಿದರೆ ಗುಳಿ ಬೀಳಬೇಕು, ಹೊಳಪು ಬರಬಾರದು. 20 ಡಿಗ್ರಿ ಆಸುಪಾಸು. ಏಪ್ರಿಲ್-ಮೇನಲ್ಲಿ ಕರಾವಳಿಯ ಅಡುಗೆಮನೆ 30 ಡಿಗ್ರಿ ಮೇಲೆಯೇ ಇರುತ್ತದೆ, ಫ್ರಿಜ್ಜಿನಿಂದ ತೆಗೆದು ತುಂಡು ಮಾಡಿ 10-15 ನಿಮಿಷ ಇಟ್ಟರೆ ಸಾಕು. ಹೊರಗೇ ಇಟ್ಟ ಬೆಣ್ಣೆ ಎಣ್ಣೆಯಂತಾಗಿರುತ್ತದೆ, ಬೀಟರ್ ಎಷ್ಟು ತಿರುಗಿದರೂ ಉಬ್ಬುವುದಿಲ್ಲ. ಹಾಗಾದರೆ ಪಾತ್ರೆಯನ್ನು ಐಸ್ ನೀರಿನಲ್ಲಿ ಇಟ್ಟು ಹೊಡೆಯಿರಿ.

ಬೆಣ್ಣೆ, ಸಕ್ಕರೆ, ಬೆಲ್ಲ ಸೇರಿಸಿ 3 ನಿಮಿಷ ಹೊಡೆಯಿರಿ, ಬಣ್ಣ ತಿಳಿಯಾಗಬೇಕು. ಮೊಟ್ಟೆ, ಆಮೇಲೆ ಮೊಸರು. ಎರಡೂ ಫ್ರಿಜ್ಜಿನ ತಣ್ಣಗಿದ್ದರೆ ಮಿಶ್ರಣ ಒಡೆದು ಹರಳುಹರಳಾಗುತ್ತದೆ. ಆದರೂ ಹೆದರಬೇಡಿ, ಒಂದು ಚಮಚ ಮೈದಾ ಹಾಕಿದರೆ ಕೂಡಿಕೊಳ್ಳುತ್ತದೆ. ಒಣ ಹಿಟ್ಟು ಹಾಕಿದ ಮೇಲೆ ಬೀಟರ್ ಮುಟ್ಟಬೇಡಿ. ಸೌಟಿನಿಂದ ಬಿಳಿ ಗೆರೆ ಮಾಯವಾಗುವಷ್ಟೇ ಮಗುಚಿ, ಕೊನೆಗೆ ಓಟ್ಸ್, ದ್ರಾಕ್ಷಿ. ಜಾಸ್ತಿ ಕಲಸಿದರೆ ಮೈದಾಗೆ ಜಿಗಿ ಬಂದು ಕುಕ್ಕಿ ರಬ್ಬರು.

ಮುಚ್ಚಿ 20-25 ನಿಮಿಷ ಫ್ರಿಜ್ಜಿನಲ್ಲಿಡಿ. ಇದನ್ನು ಬಿಟ್ಟರೆ ಓಟ್ಸ್ ಕುಡಿಯಬೇಕಾದ ನೀರು ಹಿಟ್ಟಿನಲ್ಲೇ ಉಳಿದು ಹರಡುತ್ತದೆ. ಕಲಸಿದ ಕೂಡಲೇ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ. ಇಟ್ಟ ಮೇಲೆ ಚಮಚದಲ್ಲಿ ಎತ್ತಿದರೆ ಗುಪ್ಪೆಯಾಗಿ ನಿಲ್ಲಬೇಕು.

ತಣ್ಣಗಿನ ಟ್ರೇ ಮೇಲೆ ಬೆಣ್ಣೆ ಕಾಗದ, 5 ಸೆಂ.ಮೀ. ಅಂತರ, ಒದ್ದೆ ಬೆರಳಿನಿಂದ ತಲೆಯನ್ನು ಸ್ವಲ್ಪವೇ ತಟ್ಟಿ. ಈ ಹಿಟ್ಟು ತಾನಾಗಿ ಹೆಚ್ಚು ಹರಡುವುದಿಲ್ಲ. 175 ಡಿಗ್ರಿ, 12-13 ನಿಮಿಷ. ಅಂಚಿಗೆ ಕಂದು ಬಣ್ಣ ಬಂದು, ನಡುವಿನ ಒದ್ದೆ ಹೊಳಪು ಹೋಗಿ, ಮುಟ್ಟಿದರೆ ಪುಟಿದರೆ ಆಯಿತು. ಇಡೀ ಕುಕ್ಕಿ ಕೆಂಪಾಗುವವರೆಗೆ ಕಾದರೆ ಬಿಸ್ಕತ್ತು ಆಗುತ್ತದೆ. ಟ್ರೇ ಮೇಲೇ 5 ನಿಮಿಷ ಬಿಟ್ಟು ಜಾಲರಿಗೆ ಎತ್ತಿ.

ಕೋಡಿಬಾಗ_ಗಾಳಿ:

ಇಷ್ಟು ವಿವರಕ್ಕೆ ಥ್ಯಾಂಕ್ಸ್ ಅಕ್ಕ. ಜೋನಿಬೆಲ್ಲ ಬಿಟ್ಟು ಪುಡಿಬೆಲ್ಲ ಹಾಕಿದರೆ ಇನ್ನೂ ಸುಲಭವಲ್ಲವೇ? ಸಾಬೂನಿನ ರುಚಿಗೆ ಬೆಲ್ಲವೇ ಕಾರಣವೇನೋ ಅನ್ನಿಸಿತ್ತು. ಇನ್ನೊಂದು, ಶಿರಸಿ ಎತ್ತರದಲ್ಲಿದೆ, ಅಲ್ಲಿನ ಅಳತೆ ಇಲ್ಲಿ ನಡೆಯುತ್ತದೆಯೇ?

ಆಲೆಮನೆ_ಹಿತ್ತಲು (ಸಿದ್ದಾಪುರ):

ಬೆಲ್ಲದ ಮೇಲೆ ಗೂಬೆ ಕೂರಿಸಬೇಡಿ ಮಾರಾಯ್ರೆ, ಅದು ಸೋಡಾದ ಕೆಲಸ. 110 ಗ್ರಾಂ ಮೈದಾಗೆ ಕಾಲು ಟೀ ಚಮಚ ಸಾಕಿದ್ದಲ್ಲಿ ನಾಲ್ಕು ಪಟ್ಟು ಬಿದ್ದಿದೆ. ಬೆಲ್ಲದ, ಮೊಸರಿನ ಹುಳಿಗೆ ಸಿಕ್ಕಷ್ಟು ಸೋಡಾ ಅನಿಲವಾಗಿ ಹೋಗುತ್ತದೆ, ಮಿಕ್ಕದ್ದು ಕ್ಷಾರವಾಗಿ ಒಳಗೇ ಕೂರುತ್ತದೆ. ಸಾಬೂನಿನ ರುಚಿಯೂ ಬೇಗ ಕಪ್ಪಾಗುವುದೂ ಅದರಿಂದಲೇ. ಕ್ಷಾರ ಹೆಚ್ಚಾದರೆ ಮೈದಾದ ಹಿಡಿತ ಸಡಿಲವಾಗಿ ಹರಡುವುದೂ ಹೆಚ್ಚು. ಉಬ್ಬಿಸುವ ಕೆಲಸ ಬೇಕಿಂಗ್ ಪೌಡರಿಗೆ ಬಿಡಿ, ಸೋಡಾ ಹುಳಿ ತೆಗೆಯುವುದಕ್ಕೆ ಮಾತ್ರ.

ಜೋನಿಬೆಲ್ಲ ಈ ಕುಕ್ಕಿಗೆ ಹೇಳಿಮಾಡಿಸಿದ್ದು. ಅದರಲ್ಲಿ ಗ್ಲುಕೋಸ್, ಫ್ರಕ್ಟೋಸ್ ಪಾಲು ಇರುವುದರಿಂದ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಮರುದಿನವೂ ಮೆತ್ತಗೆ. ಆದರೆ ಮೂರನೇ ಒಂದು ಭಾಗದಷ್ಟು ನೀರೇ. 60 ಗ್ರಾಂ ಹಾಕಿದರೆ ಸುಮಾರು 20 ಗ್ರಾಂ ನೀರು ಹಾಕಿದಂತೆ. ಮೇಲಿನ ಅಳತೆಯಲ್ಲಿ ಅದು ಲೆಕ್ಕಕ್ಕೆ ಬಂದಿದೆ. ಪುಡಿಬೆಲ್ಲಕ್ಕೆ ಬದಲಿಸುವುದಾದರೆ 40 ಗ್ರಾಂ ಹಾಕಿ, ಮೊಸರನ್ನು 50ರಿಂದ 70ಕ್ಕೆ ಏರಿಸಿ. ಡಬ್ಬಿಯ ತಳದಲ್ಲಿ ಹರಳುಗಟ್ಟಿದ್ದರೆ ಬಿಸಿನೀರಿನಲ್ಲಿ ಡಬ್ಬಿ ಇಟ್ಟು ಕರಗಿಸಿ, ಪೂರ್ತಿ ತಣಿಸಿ ಹಾಕಿ. ಬಿಸಿ ಬೆಲ್ಲ ಬೆಣ್ಣೆಗೆ ಬಿದ್ದರೆ ಹೊಡೆದ ಗಾಳಿಯೆಲ್ಲ ಹೋಯಿತು. ಬೆಲ್ಲ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ, ಅದಕ್ಕೇ 190 ಬೇಡ, 175.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್. ಎತ್ತರಕ್ಕಾಗಿ ಬೇಕಿಂಗ್ ಅಳತೆ ತಿದ್ದಬೇಕಾಗುವುದು 900-1000 ಮೀಟರ್ ದಾಟಿದ ಮೇಲೆ. ಘಟ್ಟ ಇಳಿದರೆ ಬದಲಾಗುವುದು ಸೆಕೆ ಮತ್ತು ಗಾಳಿಯ ತೇವ.

ಬಾಳೆಗೊನೆ (ಅಂಕೋಲಾ):

ಮೊಸರಿನ ಬದಲು ಕಳಿತ ಯಾಲಕ್ಕಿ ಬಾಳೆಹಣ್ಣು ಒಂದು ಹಿಸುಕಿ ಹಾಕಿ, ಇನ್ನೂ ಮೆತ್ತಗೆ. ಸಕ್ಕರೆಯೂ 20 ಗ್ರಾಂ ಕಡಿಮೆ ಮಾಡಬಹುದು.

ಘಟ್ಟದಮೇಲಿನ_ಒಲೆ:

ಮೆತ್ತಗೆ ಹೌದು, ಕೇಕು ಅಲ್ಲ. ಬಾಳೆಹಣ್ಣಿನ ತಿರುಳು ಓಟ್ಸ್ ಜೊತೆ ಸೇರಿ ಒಳಗೆ ಹಲ್ವದಂತೆ ಜಿಗುಟಾಗುತ್ತದೆ, ದಾಲ್ಚಿನ್ನಿ ಬೆಲ್ಲದ ಪರಿಮಳವನ್ನೂ ನುಂಗುತ್ತದೆ. ಹಣ್ಣು ತರಕಾರಿ ಹಾಕಲೇಬೇಕೆಂದರೆ ಸಿಹಿಗುಂಬಳ ವಾಸಿ. ಉಗಿಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ನೀರು ಸೋರಿಸಿ, ನುಣ್ಣಗೆ ಹಿಸುಕಿ 60 ಗ್ರಾಂ. ಆಗ ಮೊಸರು 20 ಗ್ರಾಂ ಸಾಕು. ನೀರು ಸೋರಿಸದೆ ಹಾಕಿದರೆ ತಳ ಒದ್ದೆ.

ಬಾಳೆಗೊನೆ:

ಜಿಗುಟು ಇಷ್ಟಪಡುವವರೂ ಇದ್ದಾರೆ ಅಕ್ಕ :) ಕುಂಬಳದ್ದು ಒಪ್ಪಿದೆ.

ಎರಡು_ರಾಡು (ಕುಮಟಾ):

ಓವನ್ ಬಗ್ಗೆ ಯಾರೂ ಹೇಳಲಿಲ್ಲ. 20 ಲೀಟರಿನ ಓಟಿಜಿಯಲ್ಲಿ ಮೇಲಿನ ರಾಡು ಕುಕ್ಕಿಯ ತಲೆಗೆ ಹತ್ತಿರ. ಎರಡೂ ರಾಡು ಹಾಕಿ 15 ನಿಮಿಷ ಕಾಯಿಸಿ, ಟ್ರೇ ನಡುವಿನ ಹಂತದಲ್ಲಿ. ತಲೆ ಬೇಗ ಕೆಂಪಾದರೆ 8ನೇ ನಿಮಿಷಕ್ಕೆ ಮೇಲಿನ ರಾಡು ಆರಿಸಿ. ಗುಂಡಿಯ ಮೇಲೆ ಬರೆದ 180ಕ್ಕೂ ಒಳಗಿನ ಬಿಸಿಗೂ 15-20 ಡಿಗ್ರಿ ಹೆಚ್ಚುಕಡಿಮೆ ಇರುವುದು ಸಾಮಾನ್ಯ, ಒಳಗೆ ನೇತುಹಾಕುವ ಥರ್ಮಾಮೀಟರ್ ಇಟ್ಟು ನೋಡಿ. ಓವನ್ ತಣ್ಣಗಿದ್ದರೂ ಹರಡುತ್ತದೆ: ಬೆಣ್ಣೆ ಕರಗಿತು, ಮೊಟ್ಟೆ ಇನ್ನೂ ಹಿಡಿದಿಲ್ಲ. ಎರಡನೇ ಕಂತನ್ನು ಬಿಸಿ ಟ್ರೇ ಮೇಲೆ ಇಟ್ಟರೂ ಇದೇ ಕಥೆ. ಒಂದೇ ಟ್ರೇ ಇದ್ದರೆ ನಲ್ಲಿ ನೀರಿನಡಿ ತಣಿಸಿ ಒರೆಸಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟು ನಡುವೆ ಹೋದರೆ ಬಾಗಿಲು ತೆಗೆಯಬೇಡಿ. 9 ನಿಮಿಷ ದಾಟಿದ್ದರೆ ಒಳಗಿನ ಬಿಸಿಯಲ್ಲೇ 6-7 ನಿಮಿಷ ಬಿಟ್ಟರೆ ಬೆಂದಿರುತ್ತದೆ. ಬೇಯಿಸದ ಹಿಟ್ಟಿದ್ದರೆ ಫ್ರಿಜ್ಜಿಗೆ, ಆದರೆ ರಾತ್ರಿಯಿಡೀ ಬೇಡ. ಸೋಡಾ ಮೊಸರಿನ ಜೊತೆ ಆಗಲೇ ಕೆಲಸ ಶುರುಮಾಡಿರುತ್ತದೆ, ಬೆಳಿಗ್ಗೆ ಉಬ್ಬು ಕಮ್ಮಿ.

ಓವನ್ ಇಲ್ಲದವರಿಗೆ: ದಪ್ಪ ತಳದ ದೊಡ್ಡ ಪಾತ್ರೆ, ತಳಕ್ಕೆ ಒಂದು ಬೆರಳು ದಪ್ಪ ಪುಡಿಉಪ್ಪು, ಮೇಲೆ ಸ್ಟ್ಯಾಂಡು. ಮುಚ್ಚಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ ತಟ್ಟೆ ಇಡಿ, ಸಣ್ಣ ಉರಿಯಲ್ಲಿ 18-20 ನಿಮಿಷ. ಕುಕ್ಕರ್ ಆದರೆ ಗ್ಯಾಸ್ಕೆಟ್ಟೂ ವೇಟೂ ತೆಗೆದಿಡಲೇಬೇಕು. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ತಲೆ ಬೆಳ್ಳಗೇ ಇರುತ್ತದೆ, ಬಣ್ಣ ನೋಡಿ ಕಾದರೆ ತಳ ಸೀಯುತ್ತದೆ.

ಕೋಡಿಬಾಗ_ಗಾಳಿ:

ಸರಿ. ಮೊಟ್ಟೆ ಬಿಟ್ಟರೆ? ಮನೆಯಲ್ಲೇ ಕಡೆದ ಬೆಣ್ಣೆ ನಡೆಯುತ್ತದೆಯೇ? ಮಳೆಯಲ್ಲಿ ಎಷ್ಟು ದಿನ ಇಡಬಹುದು?

ಘಟ್ಟದಮೇಲಿನ_ಒಲೆ:

ಮೊಟ್ಟೆ ಬಿಟ್ಟರೆ ಮೊಸರು ಒಟ್ಟು 90 ಗ್ರಾಂ, ಹಾಲಿನ ಪುಡಿ 1 ದೊಡ್ಡ ಚಮಚ, ಕಾರ್ನ್‌ಫ್ಲೋರ್ 1 ದೊಡ್ಡ ಚಮಚ. ಸೋಡಾ ಹೆಚ್ಚಿಸಬೇಡಿ. ಅಗಸೆಬೀಜದ ಪುಡಿ 1 ದೊಡ್ಡ ಚಮಚ, ನೀರು 3 ದೊಡ್ಡ ಚಮಚ ಕಲಸಿ 10 ನಿಮಿಷ ಇಟ್ಟೂ ಹಾಕಬಹುದು, ಆಗ ಮೊಸರು 50 ಹಾಗೇ ಇರಲಿ. ಬಣ್ಣ ಸ್ವಲ್ಪ ಕಪ್ಪು. ಎರಡರಲ್ಲೂ ಕಟ್ಟು ಕಡಿಮೆ, ಬಿಸಿಯಿದ್ದಾಗ ಎತ್ತಿದರೆ ಮುರಿಯುತ್ತದೆ. ಟ್ರೇ ಮೇಲೆ 15 ನಿಮಿಷ ಬಿಡಿ.

ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿದ್ದರೆ ಹುಳಿಯೂ ನೀರೂ ಲೆಕ್ಕ ತಪ್ಪಿಸುತ್ತವೆ. ತೊಳೆದ ನೀರು ತಿಳಿಯಾಗಿ ಬರುವವರೆಗೆ ತಣ್ಣೀರಿನಲ್ಲಿ ತೊಳೆದು, ಮರದ ಸೌಟಿನಿಂದ ಒತ್ತಿ ನೀರು ಹಿಂಡಿ, ಫ್ರಿಜ್ಜಿನಲ್ಲಿಟ್ಟು ಆಮೇಲೆ ತೂಗಿ. ಆಗಲೂ ಮೊಸರು 10 ಗ್ರಾಂ ಕಡಿಮೆ ಮಾಡುವುದು ಕ್ಷೇಮ. ತುಪ್ಪ ಬೇಡ, ನೀರೇ ಇಲ್ಲದ್ದರಿಂದ ಕುಕ್ಕಿ ಪುಡಿಪುಡಿ.

ಇಡುವ ಮಾತು: ಕೇಕಿನಷ್ಟು ನೀರಿರುವ ಪದಾರ್ಥ ಇದು, ಬಿಸ್ಕತ್ತಿನ ಹಾಗೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಪೂರ್ತಿ ತಣ್ಣಗಾಗದೆ ಡಬ್ಬಿಗೆ ಹಾಕಿದರೆ ಮುಚ್ಚಳದಲ್ಲಿ ನೀರು ಹನಿಗಟ್ಟಿ ಬೂಸ್ಟು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ 2 ದಿನ, ಫ್ರಿಜ್ಜಿನಲ್ಲಿ 5-6 ದಿನ. ಪದರದ ನಡುವೆ ಬೆಣ್ಣೆ ಕಾಗದ ಹಾಕದಿದ್ದರೆ ಒಂದಕ್ಕೊಂದು ಅಂಟುತ್ತವೆ. ಫ್ರಿಜ್ಜಿನ ತಂಪಿಗೆ ಹಿಟ್ಟಿನ ಪಿಷ್ಟ ಬಿರುಸಾಗುತ್ತದೆ, ಹಾಳಾಯಿತೆಂದು ಎಸೆಯಬೇಡಿ. ಮೈಕ್ರೋವೇವ್‌ನಲ್ಲಿ 10-15 ಸೆಕೆಂಡು ಇಟ್ಟರೆ ಮತ್ತೆ ಮೆತ್ತಗೆ. ಹೆಚ್ಚು ದಿನಕ್ಕಾದರೆ ಫ್ರೀಜರ್.

ಬಾಳೆಗೊನೆ:

ದ್ರಾಕ್ಷಿಯನ್ನು 10 ನಿಮಿಷ ಬಿಸಿನೀರಿನಲ್ಲಿ ನೆನೆಸಿ ಒರೆಸಿ ಹಾಕಿ. ಒಣಗಿದ್ದೇ ಹಾಕಿದರೆ ಸುತ್ತಲಿನ ಹಿಟ್ಟಿನ ನೀರನ್ನು ಅದೇ ಹೀರುತ್ತದೆ. ಗೋಡಂಬಿ ತುಂಡೂ ಚೆನ್ನಾಗಿ ಹೊಂದುತ್ತದೆ, ಸ್ವಲ್ಪ ಹುರಿದು ತಣಿಸಿ.

ಕೋಡಿಬಾಗ_ಗಾಳಿ:

ಸೂರ್ಯಕಾಂತಿ ಬೀಜ ಮನೆಯಲ್ಲಿದೆ, ಅದನ್ನೂ ಸೇರಿಸಬಹುದೇ?

ಆಲೆಮನೆ_ಹಿತ್ತಲು:

ಸೇರಿಸಿ, ಆದರೆ ಸೋಡಾ ಕಾಲು ಚಮಚ ದಾಟಿದರೆ ಮರುದಿನ ಬೀಜದ ಸುತ್ತ ಹಸಿರು ಕಲೆ ಕಾಣುತ್ತದೆ. ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಕ್ಷಾರದ ಜೊತೆ ಸೇರಿ ಆಗುವ ಬಣ್ಣ ಅದು. ಬೂಸ್ಟಲ್ಲ, ತಿನ್ನಬಹುದು. ಬೇಡವೆನಿಸಿದರೆ ಆ ಕಂತಿಗೆ ಸೋಡಾ ಪೂರ್ತಿ ಬಿಟ್ಟು ಬೇಕಿಂಗ್ ಪೌಡರ್ ಒಂದೂಕಾಲು ಚಮಚ ಮಾಡಿಕೊಳ್ಳಿ, ಮೊಸರು ಹುಳಿ ಇಲ್ಲದ ಹೊಸದು ಇರಲಿ.